ಹಾಲ್ ಇದೆ, ಮನಸ್ಸೂ ಇದೆ. ರಾತ್ರಿ ಎಚ್ಚರ ಇರೋರು ಯಾರು?

ಪ್ರಶ್ನೆ: ನಾನು ಹುಬ್ಬಳ್ಳಿಯ ಕೇಶ್ವಾಪುರ ಕಡೆಯವಳು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರ ಸದಸ್ಯೆ. ಹೋದ ಡಿಸೆಂಬರ್‌ನಲ್ಲಿ ಕ್ಯಾರಲ್ಸ್ ಮುಗಿಸಿ ರಾತ್ರಿ ಮನೆಗೆ ಬರುವಾಗ ರೈಲ್ವೆ ಸ್ಟೇಷನ್ ಸುತ್ತ, ಅಂಗಡಿ ಕಟ್ಟೆಗಳ ಮೇಲೆ ಎಷ್ಟೋ ಜನ ಚಳಿಯಲ್ಲಿ ಮುದುಡಿ ಮಲಗಿದ್ದನ್ನು ನೋಡಿದೆವು. ಆ ಮೇಲೆ ನಮ್ಮ ಸಭೆ, ಹತ್ತಿರದ ಕ್ಯಾಥೋಲಿಕ್ ಚರ್ಚ್, ಒಂದು ಪೆಂಟೆಕೋಸ್ಟಲ್ ಸಭೆ, ಇನ್ನೊಂದು ಚಿಕ್ಕ ಸ್ವತಂತ್ರ ಸಭೆ ಸೇರಿ ಎರಡು ಸಲ ಕೂತು ಮಾತಾಡಿದೆವು. ಅವರಿಗೆ ತಾತ್ಕಾಲಿಕವಾಗಿ ರಾತ್ರಿ ಆಶ್ರಯ ಕೊಡಬೇಕು ಅಂತ ಎಲ್ಲರಿಗೂ ಆಸೆ ಇದೆ, ಮಳೆಗಾಲಕ್ಕೇ ಶುರು ಮಾಡುವ ಯೋಚನೆ. ಹೊರದೇಶಗಳಲ್ಲಿ ಒಂದೊಂದು ರಾತ್ರಿ ಒಂದೊಂದು ಚರ್ಚ್ ಬಾಗಿಲು ತೆರೆಯುತ್ತದಂತೆ. ಅದು ನಮ್ಮಲ್ಲಿ ನಡೆಯುತ್ತದಾ? ಹಿರಿಯರಿಗೆ ಪೊಲೀಸರ ತಕರಾರು, ಕಳ್ಳತನ, ಮತಾಂತರದ ಆರೋಪ, ಹೀಗೆ ಹಲವು ಹೆದರಿಕೆ ಇವೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ಖುಷಿಯಾಯಿತು. ನಾಲ್ಕು ಬೇರೆ ಬೇರೆ ಸಭೆಯವರು ಒಂದೇ ಜಮಖಾನದ ಮೇಲೆ ಕೂತು ಮಾತಾಡುವುದು ಸಣ್ಣ ಮಾತಲ್ಲ. ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗದ ಬೆಟಗೇರಿಗೆ ಬಂದರು. ಅಂದರೆ ಈ ಭಾಗದ ಚರ್ಚುಗಳಿಗೆ ನೂರೆಂಬತ್ತು ವರ್ಷದ ಬೇರು ಇದೆ. ಶಾಲೆ ಕಟ್ಟಿದ್ದಾರೆ, ಆಸ್ಪತ್ರೆ ಕಟ್ಟಿದ್ದಾರೆ. ಸಿಎಸ್‌ಐ ಕೂಡ 1947ರಲ್ಲಿ ಬೇರೆ ಬೇರೆ ಪಂಥಗಳು ಕೂಡಿಯೇ ಆದದ್ದು ಅಲ್ವಾ? ಆದರೆ ಆರಾಧನೆಗೆ ಕೂಡುವುದು ಒಂದು, ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲು ತೆರೆಯಲು ಕೂಡುವುದು ಇನ್ನೊಂದು. ನನ್ನ ಉತ್ತರವೆಲ್ಲ ಆ ಎರಡನೆಯದರ ಬಗ್ಗೆ.

ಮೊದಲು ನೀವು ಕೇಳಿದ ಹೊರದೇಶದ ಪದ್ಧತಿ. ಅಮೆರಿಕದ ನ್ಯಾಶ್‌ವಿಲ್ ಊರಲ್ಲಿ 1986ರ ಚಳಿಗಾಲದಲ್ಲಿ ಚಾರ್ಲ್ಸ್ ಸ್ಟ್ರೋಬೆಲ್ ಅನ್ನುವ ಪಾದ್ರಿ ಕೆಲವೇ ಚರ್ಚುಗಳನ್ನು ಒಟ್ಟು ಮಾಡಿ 'ರೂಮ್ ಇನ್ ದಿ ಇನ್' ಅನ್ನುವ ಕೆಲಸ ಶುರು ಮಾಡಿದರು. ಮನೆಯಿಲ್ಲದವರು ಸಂಜೆ ಒಂದು ಕಡೆ ಸೇರುತ್ತಾರೆ. ಆ ದಿನದ ಪಾಳಿಯ ಚರ್ಚಿನವರು ವ್ಯಾನ್ ತಂದು ಹತ್ತು ಹದಿನೈದು ಜನರನ್ನು ಕರೆದುಕೊಂಡು ಹೋಗುತ್ತಾರೆ. ಊಟ, ಹಾಸಿಗೆ, ಬೆಳಗಿನ ತಿಂಡಿ ಕೊಟ್ಟು ವಾಪಸ್ ಬಿಡುತ್ತಾರೆ. ಅದೇ ವರ್ಷ ನ್ಯೂಜೆರ್ಸಿಯಲ್ಲಿ ಕರೆನ್ ಓಲ್ಸನ್ ಅನ್ನುವವರು ಮನೆ ಕಳೆದುಕೊಂಡ ಕುಟುಂಬಗಳಿಗಾಗಿ ಇಂಥದ್ದೇ ಕೆಲಸ ಶುರು ಮಾಡಿದರು. ಅಲ್ಲಿ ಒಂದೊಂದು ಸಭೆ ಒಂದೊಂದು ವಾರ ಮನೆಯವರನ್ನೆಲ್ಲ ಇಟ್ಟುಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ಏಳು ಚರ್ಚುಗಳು ಸೇರಿ ವಾರದ ಏಳು ರಾತ್ರಿ ಹಂಚಿಕೊಳ್ಳುವ ರೂಢಿ ಇದೆ. 2020ರಲ್ಲಿ ಕೊರೊನಾ ಬಂದಾಗ ಒಂದೇ ಹಾಲ್‌ನಲ್ಲಿ ಎಲ್ಲರೂ ಮಲಗುವುದನ್ನು ಅಲ್ಲಿ ನಿಲ್ಲಿಸಬೇಕಾಯಿತು.

ಒಳ್ಳೆಯ ಪದ್ಧತಿ. ಯಾವ ಒಂದು ಸಭೆಗೂ ಭಾರ ಆಗುವುದಿಲ್ಲ. ಆದರೆ ಹುಬ್ಬಳ್ಳಿಗೆ ಅದನ್ನು ಹಾಗೇ ತರಬೇಡಿ ಅಂತ ನಾನು ಹೇಳುತ್ತೇನೆ.

ಯಾಕೆ ಅಂದರೆ, ನಮ್ಮಲ್ಲಿ ಬಯಲಲ್ಲಿ ಮಲಗುವವರಲ್ಲಿ ಬಹಳ ಜನ ದುಡಿಯುವವರು. ಅಮರಗೋಳದ ಎಪಿಎಂಸಿಯಲ್ಲಿ ಮೂಟೆ ಹೊರುವವರು, ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವವರು, ಬೆಳಿಗ್ಗೆ ಕೂಲಿಗೆ ಕರೆಯುವ ಜಾಗದಲ್ಲಿ ಬುಟ್ಟಿ ಗುದ್ದಲಿ ಹಿಡಿದು ನಿಲ್ಲುವವರು, ಹೋಟೆಲ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸುವವರು. ಒಬ್ಬ ಹಮಾಲ ಅಜ್ಜನನ್ನು ನಾನು ಬಹಳ ವರ್ಷ ಬಲ್ಲೆ. ಆಶ್ರಯ ಕೇಂದ್ರಕ್ಕೆ ಬಾ ಅಂದರೆ ಅವನು ಹೇಳುತ್ತಿದ್ದದ್ದು ಇಷ್ಟೇ: "ಅಲ್ಲಿ ಮಕ್ಕೊಂಡ್ರ ಮುಂಜಾನೆ ಐದಕ್ಕ ಗಾಡಿ ಹೆಂಗ ಹಿಡೀಲಿ ಸರ? ದಗದ ಹೋದ್ರ ಆ ನಿದ್ದಿ ಯಾರಿಗೆ ಬೇಕು?" ಸೋಮವಾರ ಕೇಶ್ವಾಪುರ, ಮಂಗಳವಾರ ಹಳೇ ಹುಬ್ಬಳ್ಳಿ, ಬುಧವಾರ ಗೋಕುಲ ರೋಡ್ ಅಂತ ಜಾಗ ಬದಲಾಗುತ್ತಾ ಹೋದರೆ ಇಂಥವರು ಬರುವುದೇ ಇಲ್ಲ. ಬಂದವರಿಗೂ ಇವತ್ತು ಯಾವ ಚರ್ಚು ಅಂತ ಹುಡುಕುವುದರಲ್ಲೇ ರಾತ್ರಿ ಆಗುತ್ತದೆ. ಮೊಬೈಲ್ ಇಲ್ಲದವರಿಗೆ ಹೇಳೋದು ಹೇಗೆ? ಮತ್ತೆ ಅವರ ಗಂಟುಮೂಟೆಯನ್ನು ದಿನಾ ಹೊತ್ತು ತಿರುಗಬೇಕು.

ಅದಕ್ಕೇ ನನ್ನ ಸಲಹೆ: ಸೂರು ಒಂದೇ ಕಡೆ ಇರಲಿ, ಪಾಳಿ ತಿರುಗಲಿ. ನಾಲ್ಕು ಸಭೆಗಳ ಹಾಲ್‌ಗಳಲ್ಲಿ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಯಾವುದಿದೆಯೋ ಅದನ್ನು ಆರಿಸಿ. ಅದು ನಾಲ್ಕರಲ್ಲಿ ಚಂದದ ಹಾಲ್ ಆಗಿರಬೇಕಿಲ್ಲ. ಗಾಳಿ ಆಡಬೇಕು, ಎರಡು ಬಾಗಿಲು ಇರಬೇಕು, ನೀರು ಇರಬೇಕು, ಶೌಚಾಲಯ ಒಳಗಿನಿಂದಲೇ ಹೋಗುವಂತಿರಬೇಕು. ಒಂದು ಸಭೆ ಜಾಗ ಕೊಟ್ಟರೆ ಇನ್ನೊಂದು ಅಡುಗೆ ನೋಡಲಿ, ಮತ್ತೊಂದು ಚಾದರ ಒಗೆಯುವುದು, ಔಷಧಿ, ಆಸ್ಪತ್ರೆ ಓಡಾಟ ನೋಡಲಿ. ನಿಮ್ಮ ಚಿಕ್ಕ ಸ್ವತಂತ್ರ ಸಭೆ ಇದೆಯಲ್ಲ, ಅದನ್ನು ಹಗುರವಾಗಿ ಕಾಣಬೇಡಿ. ಹಾಲ್ ಇಲ್ಲದ, ದುಡ್ಡಿಲ್ಲದ ಸಭೆಗಳಲ್ಲೇ ರಾತ್ರಿ ಎಚ್ಚರ ಇರುವ ಹುಡುಗರು ಸಿಗೋದನ್ನು ನಾನು ನೋಡಿದ್ದೇನೆ.

ಈಗ ನನ್ನದೇ ಒಂದು ಸೋಲು ಹೇಳುತ್ತೇನೆ. ಸುಮಾರು ವರ್ಷಗಳ ಹಿಂದೆ ಈ ಭಾಗದ ಒಂದು ಊರಲ್ಲಿ ಹೀಗೇ ಒಂದು ಹಾಲ್ ತೆರೆಯಲು ನಾನೂ ಕೈ ಹಾಕಿದ್ದೆ. ಉದ್ಘಾಟನೆ ಜೋರಾಗಿ ಆಯಿತು. ಹೊಸ ಗಾದಿ, ಹೊಸ ಚಾದರ, ಗೋಡೆಗೆ ಬಣ್ಣ, ಎಲ್ಲವೂ ಆಯಿತು. ಹದಿನೆಂಟನೇ ದಿನಕ್ಕೆ ಮುಚ್ಚಿದೆವು. ದುಡ್ಡು ಸಾಲಲಿಲ್ಲ ಅಂತ ಅಲ್ಲ. ಮೊದಲ ವಾರ ರಾತ್ರಿ ಕಾಯಲು ಹತ್ತು ಜನ ಬಂದರು. ಎರಡನೇ ವಾರ ಐವರು. ಮೂರನೇ ವಾರ ನಾನು, ಇನ್ನೊಬ್ಬ ಮೇಷ್ಟ್ರು ಇಬ್ಬರೇ. ಹಗಲು ಕೆಲಸ, ರಾತ್ರಿ ಕಾವಲು. ಒಂದು ರಾತ್ರಿ ಇಬ್ಬರಿಗೂ ನಿದ್ದೆ ಹತ್ತಿತು. ಶೌಚಾಲಯದ ಬೀಗದ ಕೈ ಮೇಷ್ಟ್ರ ಜೇಬಿನಲ್ಲೇ ಉಳಿದಿತ್ತು. ಒಬ್ಬ ಮುದುಕ ಕತ್ತಲಲ್ಲಿ ಬಾಗಿಲು ತಡವುತ್ತಾ ಹೋಗಿ ಮೆಟ್ಟಿಲ ಮೇಲೆ ಬಿದ್ದ. ಹಣೆ ಒಡೆದು ನಾಲ್ಕು ಹೊಲಿಗೆ ಬಿದ್ದವು. ತಪ್ಪು ಅವನದಲ್ಲ, ನಮ್ಮದು. ಎಚ್ಚರ ಇರುವವರನ್ನು ಲೆಕ್ಕ ಹಾಕದೆ ಹಾಸಿಗೆ ಲೆಕ್ಕ ಹಾಕಿದ್ದೆವು.

ಆದ್ದರಿಂದ ಮೊದಲು ಜನರ ಲೆಕ್ಕ ಹಾಕಿ. ಸಂಜೆ ಏಳರಿಂದ ಹತ್ತರವರೆಗೆ ಮೂವರು ಬೇಕು. ಹತ್ತರಿಂದ ಎರಡರವರೆಗೆ ಇಬ್ಬರು, ಎರಡರಿಂದ ಆರರವರೆಗೆ ಇಬ್ಬರು. ದಿನಕ್ಕೆ ಏಳು ಪಾಳಿ, ತಿಂಗಳಿಗೆ 210. ಒಬ್ಬರು ತಿಂಗಳಿಗೆ ಎರಡು ಪಾಳಿ ಕೊಟ್ಟರೂ 105 ಜನ ಬೇಕು. ನಾಲ್ಕು ಸಭೆಯಲ್ಲಿ ಅಷ್ಟು ಜನ ಕೈ ಎತ್ತಬಹುದು, ಕೊನೆಯವರೆಗೆ ಬರುವವರು ಕಮ್ಮಿ. ನಾನಾದರೆ ರಾತ್ರಿ ಕಾವಲಿಗೆ ಸಂಬಳ ಕೊಟ್ಟು ಇಬ್ಬರನ್ನು ಇಡುತ್ತೇನೆ, ವಾರದ ರಜೆಗೆ ಒಬ್ಬ ಬದಲಿಯವರನ್ನೂ ನೋಡಿಕೊಳ್ಳುತ್ತೇನೆ. ಆಗ ನಿಮ್ಮ ಸಭೆಯವರ ಪಾಲಿಗೆ ಉಳಿಯುವುದು ಸಂಜೆಯ ಮೂವರು ಮಾತ್ರ. ತಿಂಗಳಿಗೆ 90 ಪಾಳಿ, 45 ಜನ, ಸಭೆಗೆ ಹನ್ನೊಂದು ಹನ್ನೆರಡು ಮಂದಿ. ಇದು ಆಗುವ ಮಾತು. ಕಾಣಿಕೆಯ ದುಡ್ಡನ್ನು ಗಾದಿಗಿಂತ ಮೊದಲು ಈ ಸಂಬಳಕ್ಕೆ ಎತ್ತಿಡಿ. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಬಂದದ್ದನ್ನು ಇದಕ್ಕೆ ಕೊಡುತ್ತೇವೆ ಅಂತ ಒಂದು ಸಭೆ ಒಪ್ಪಿದರೂ ದೊಡ್ಡ ಆಸರೆ. ವಿದೇಶಿ ಪೌರತ್ವದ ಸಂಬಂಧಿಕರಿಂದ, ವಿದೇಶದ ಸಂಸ್ಥೆಗಳಿಂದ ದೇಣಿಗೆ ತರಿಸುವ ಯೋಚನೆ ಮಾತ್ರ ಬೇಡ. ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಸುಮ್ನೆ ತೊಡಕು.

ಎಷ್ಟು ಜನಕ್ಕೆ ಜಾಗ? ಕೇಂದ್ರ ಸರ್ಕಾರ 2013ರಲ್ಲಿ ನಗರದ ವಸತಿರಹಿತರಿಗಾಗಿ ಮಾಡಿದ ಯೋಜನೆಯಲ್ಲಿ ಒಬ್ಬರಿಗೆ 50 ಚದರ ಅಡಿ ಅಂತ ಅಳತೆ ಇತ್ತು. ನಿಮ್ಮ ಹಾಲ್ 40 ಅಡಿ ಉದ್ದ, 25 ಅಡಿ ಅಗಲ ಇದ್ದರೆ 1,000 ಚದರ ಅಡಿ ಆಯಿತು, ಅಂದರೆ 20 ಜನ. ಇನ್ನೂ ಹತ್ತು ಜನ ಹಿಡಿಸುತ್ತಾರೆ ಅಂತ ಅನ್ನಿಸುತ್ತದೆ. ಹಿಡಿಸಬೇಡಿ. ಒತ್ತೊತ್ತಾಗಿ ಮಲಗಿಸಿದರೆ ಜಗಳ ಜಾಸ್ತಿ, ಕೆಮ್ಮು ಕಜ್ಜಿ ಹರಡೋದೂ ಜಾಸ್ತಿ.

ಅದೇ ಯೋಜನೆಯ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಕಾಯಂ ಆಶ್ರಯ ಇರಬೇಕಿತ್ತು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ. ಅಂದರೆ ಆಗಿನ ಲೆಕ್ಕಕ್ಕೇ ಸುಮಾರು 900 ಹಾಸಿಗೆ. ದೇಶದಲ್ಲಿ ಅದೇ ಗಣತಿ ಎಣಿಸಿದ ಮನೆಯಿಲ್ಲದವರು 17.7 ಲಕ್ಷ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2010ರಿಂದ ಈ ವಿಷಯಕ್ಕೆ ಸರ್ಕಾರಗಳನ್ನು ಮತ್ತೆ ಮತ್ತೆ ಎಚ್ಚರಿಸಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನೀವು ಮಾಡುತ್ತಿರುವುದು ಪಾಲಿಕೆಯ ಕೆಲಸಕ್ಕೆ ಬದಲಿ ಅಲ್ಲ, ಜೊತೆಗಾರಿಕೆ. ಶುರು ಮಾಡುವ ಮೊದಲೇ ಮಹಾನಗರ ಪಾಲಿಕೆಗೆ ಹೋಗಿ, ವಸತಿರಹಿತರ ಆಶ್ರಯ ಕೇಂದ್ರಗಳನ್ನು ನೋಡಿಕೊಳ್ಳುವ ವಿಭಾಗದವರನ್ನು ಭೇಟಿ ಮಾಡಿ. ಅವರ ಕೇಂದ್ರಗಳು ಎಲ್ಲಿವೆ, ಎಷ್ಟು ತುಂಬಿವೆ ಅಂತ ಕಣ್ಣಾರೆ ನೋಡಿ ಬನ್ನಿ. ಅಲ್ಲಿ ಜಾಗ ಖಾಲಿ ಇದ್ದೂ ಜನ ಹೋಗುತ್ತಿಲ್ಲ ಅಂದರೆ ಯಾಕೆ ಅಂತ ಮಲಗುವವರನ್ನೇ ಕೇಳಿ. ಆ ಉತ್ತರ ನಿಮ್ಮ ಹಾಲ್‌ಗೂ ಬೇಕಾಗುತ್ತದೆ.

ಕೇಳೋದು ಅಂದೆನಲ್ಲ, ಅದಕ್ಕೊಂದು ಕ್ರಮ ಇದೆ. ರಾತ್ರಿ ಹನ್ನೊಂದರ ಮೇಲೆ ಮೂವರು ನಾಲ್ವರು ಹೋಗಿ. ಜಾತ್ರೆ ಥರ ಹೋಗಬೇಡಿ. ಥರ್ಮಾಸಿನಲ್ಲಿ ಚಹಾ ಇರಲಿ, ಫೋನು ಜೇಬಿನಲ್ಲಿ ಇರಲಿ, ಫೋಟೋ ಬೇಡವೇ ಬೇಡ. ಮಲಗಿದವರ ಮುಖಕ್ಕೆ ಟಾರ್ಚ್ ಬಿಡಬೇಡಿ. ನಿದ್ದೆ ಮಾಡುವವರನ್ನು ಎಬ್ಬಿಸಬೇಡಿ, ಎಚ್ಚರ ಇರುವವರ ಹತ್ತಿರ ಕೂತು ಮಾತಾಡಿ. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಹಿಡಿದುಕೊಂಡು ಹೋಗಿ ನಿರಾಶ್ರಿತರ ಕೇಂದ್ರಕ್ಕೆ ಹಾಕುತ್ತಾರೆ ಅನ್ನುವ ಭಯ ಬೀದಿಯಲ್ಲಿ ಇರುವವರಿಗೆ ಬಹಳ. ಗುಂಪಾಗಿ, ಪಟ್ಟಿ ಪೆನ್ನು ಹಿಡಿದು ಹೋದರೆ "ಗಾಡಿ ಬಂತು" ಅಂತ ಓಡಿಬಿಡುತ್ತಾರೆ.

ಹೀಗೆ ನಾಲ್ಕೈದು ರಾತ್ರಿ ಓಡಾಡಿದರೆ ನಿಮಗೇ ತಿಳಿಯುತ್ತದೆ: ಎಲ್ಲರೂ ಒಂದೇ ಥರ ಅಲ್ಲ. ದುಡಿಯುವ ಗಂಡಸರು ಒಂದು ಗುಂಪು. ಕಿಮ್ಸ್ ಆಸ್ಪತ್ರೆ ಅಂಗಳದಲ್ಲಿ ಮಲಗುವವರಲ್ಲಿ ಬಹಳ ಜನಕ್ಕೆ ಊರಲ್ಲಿ ಮನೆ ಇದೆ. ಕೊಪ್ಪಳ, ಗದಗ, ಹಾವೇರಿ ಕಡೆಯಿಂದ ರೋಗಿಯ ಜೊತೆ ಬಂದವರು ಅವರು. ಅವರಿಗೆ ಬೇಕಾದದ್ದು ಆಸ್ಪತ್ರೆ ಹತ್ತಿರವೇ ಒಂದು ಜಾಗ, ಸ್ನಾನಕ್ಕೆ ನೀರು. ನಿಮ್ಮ ಹಾಲ್‌ಗೆ ಕರೆದರೂ ರೋಗಿಯನ್ನು ಬಿಟ್ಟು ಬರಲ್ಲ. ಇನ್ನು ಮಕ್ಕಳು ಹೊರಗೆ ಹಾಕಿದ ವಯಸ್ಸಾದವರು, ಗಂಡನ ಹೊಡೆತಕ್ಕೆ ಓಡಿ ಬಂದ ಹೆಣ್ಣುಮಕ್ಕಳು, ಮನಸ್ಸಿನ ಕಾಯಿಲೆಯಿಂದ ಊರು ಬಿಟ್ಟು ಅಲೆಯುವವರು.

ಒಂದು ಹಾಲ್ ಇವರೆಲ್ಲರಿಗೂ ಆಗುವುದಿಲ್ಲ. ಇದನ್ನು ಒಪ್ಪಿಕೊಳ್ಳೋದು ಒಳ್ಳೆಯ ಮನಸ್ಸಿನವರಿಗೆ ಬಹಳ ಕಷ್ಟ, ನನಗೆ ಗೊತ್ತು. ಆದರೂ ಮೊದಲ ವರ್ಷ ಗಂಡಸರಿಗೆ ಮಾತ್ರ ಇಟ್ಟುಕೊಳ್ಳಿ, ಅಥವಾ ಹೆಂಗಸರಿಗೆ ಮಾತ್ರ. ಪರದೆ ಕಟ್ಟಿ ಇಬ್ಬರನ್ನೂ ಒಂದೇ ಹಾಲ್‌ನಲ್ಲಿ ಮಲಗಿಸುವುದು ಬೇಡ. ಕ್ಯಾಥೋಲಿಕ್ ಸಿಸ್ಟರ್‌ಗಳ ಕಾನ್ವೆಂಟ್‌ನಲ್ಲಿ ಹೆಂಗಸರಿಗಾಗಿ ಎರಡು ಕೋಣೆ ಸಿಗುತ್ತದಾ ಅಂತ ಕೇಳಿ ನೋಡಿ. ಸಿಕ್ಕರೆ ನಿಮ್ಮ ನಾಲ್ಕು ಸಭೆಗಳ ಕೂಡುವಿಕೆಯಿಂದ ಆಗುವ ದೊಡ್ಡ ಲಾಭ ಅದೇ. ಹಿಂಸೆಯಿಂದ ತಪ್ಪಿಸಿಕೊಂಡು ಬಂದವರಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ನೊಂದ ಹೆಣ್ಣುಮಕ್ಕಳಿಗಾಗಿ ಸರ್ಕಾರ ನಡೆಸುವ ಸಖಿ ಕೇಂದ್ರಕ್ಕೆ ಸೇರಿಸಿ. ಮಕ್ಕಳು ಒಂಟಿಯಾಗಿ ಸಿಕ್ಕರೆ ಹಾಲ್‌ನಲ್ಲಿ ಇಟ್ಟುಕೊಳ್ಳುವ ಹಾಗೇ ಇಲ್ಲ. ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಬೇಕು. ಬಾಲನ್ಯಾಯ ಕಾಯ್ದೆ ಅದಕ್ಕೆ 24 ಗಂಟೆಯ ಗಡುವು ಇಟ್ಟಿದೆ. ವಯಸ್ಸಾದವರ ಸಹಾಯಕ್ಕೆ 14567 ಇದೆ. ಈ ನಂಬರ್‌ಗಳನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಕಾವಲಿಗೆ ಇರುವವರು ನಿದ್ದೆಗಣ್ಣಲ್ಲೂ ಓದುವಂತಿರಬೇಕು.

ಮನಸ್ಸಿನ ಕಾಯಿಲೆ ಇರುವವರ ವಿಷಯಕ್ಕೆ ಒಂದು ಮಾತು ಜಾಸ್ತಿ ಹೇಳಬೇಕು. ನಾವು ಧಾರವಾಡ ಸೀಮೆಯವರು ಇದರಲ್ಲಿ ಅದೃಷ್ಟವಂತರು. 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆಯೇ ಇವತ್ತಿನ ಧಾರವಾಡದ ಡಿಮ್ಹಾನ್ಸ್, ನಮ್ಮ ಪಕ್ಕದಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಅಲೆಯುತ್ತಿರುವ ಇಂಥವರನ್ನು ರಕ್ಷಣೆಗೆ ತೆಗೆದುಕೊಂಡು ವೈದ್ಯರಿಗೆ ತೋರಿಸುವುದು ಪೊಲೀಸರ ಕರ್ತವ್ಯ. ಹಾಗಾಗಿ "ಹುಚ್ಚ ಬಂದಾನ, ಹೊರಗ ಕಳಸ್ರಿ" ಅನ್ನುವ ಬದಲು ಠಾಣೆಗೆ ತಿಳಿಸಿ, ಸಾಧ್ಯವಾದರೆ ಸಭೆಯವರೊಬ್ಬರು ಜೊತೆಗೆ ಹೋಗಿ. ಔಷಧಿ ಶುರುವಾಗಿ ಒಂದೆರಡು ತಿಂಗಳಲ್ಲಿ ಊರ ಹೆಸರು, ತಮ್ಮನ ಹೆಸರು ನೆನಪು ಮಾಡಿಕೊಂಡು ಮನೆಗೆ ಹೋದವರನ್ನು ನಾನು ಕಂಡಿದ್ದೇನೆ.

ಪೊಲೀಸರ ಹೆದರಿಕೆಗೆ ಮದ್ದು ಒಂದೇ, ಮೊದಲೇ ಹೋಗಿ ಹೇಳುವುದು. ಠಾಣೆಗೆ, ಪಾಲಿಕೆಗೆ, ವಾರ್ಡಿನ ಕಾರ್ಪೊರೇಟರ್‌ಗೆ ಬರಹದಲ್ಲಿ ತಿಳಿಸಿ, ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಅಗ್ನಿಶಾಮಕದವರನ್ನು ಕರೆದು ಹಾಲ್ ತೋರಿಸಿ. ಅಡುಗೆ ಮಾಡಿ ಬಡಿಸುವುದಕ್ಕೆ ಆಹಾರ ಸುರಕ್ಷತೆಯ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿಡಿ. ಜಾಗ ಕೊಡುವ ಸಭೆ ತನ್ನ ಮೇಲಿನವರ ಒಪ್ಪಿಗೆ ಪಡೆಯಲಿ. ಸಿಎಸ್‌ಐ ಆದರೆ ಧಾರವಾಡದ ಡಯಾಸಿಸ್ ಕಚೇರಿ, ಕ್ಯಾಥೋಲಿಕ್ ಆದರೆ ಬೆಳಗಾವಿ ಧರ್ಮಪ್ರಾಂತ್ಯ. ನಾಲ್ಕು ಸಭೆಗಳೂ ಎರಡು ಪುಟದ ಒಂದು ಒಪ್ಪಂದಕ್ಕೆ ಸಹಿ ಹಾಕಲಿ: ಖರ್ಚು ಯಾರದು, ಬೀಗದ ಕೈ ಯಾರ ಹತ್ತಿರ, ರಾತ್ರಿ ಏನಾದರೂ ಆದರೆ ಕೊನೆಯ ಮಾತು ಯಾರದು. ಕೊನೆಯದಕ್ಕೆ ಒಬ್ಬರ ಹೆಸರು ಬರೆಯಿರಿ. ಕಮಿಟಿಯ ಹೆಸರು ಬರೆಯಬೇಡಿ. ನಡುರಾತ್ರಿಯಲ್ಲಿ ಕಮಿಟಿ ಫೋನ್ ಎತ್ತುವುದಿಲ್ಲ.

ಮತಾಂತರದ ಆರೋಪದ ಬಗ್ಗೆ ನಾನು ಬಿಚ್ಚುಮನಸ್ಸಿನಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಾಲ್‌ನಲ್ಲಿ ಪ್ರಾರ್ಥನೆ ಬೇಡ, ಕೀರ್ತನೆ ಬೇಡ, ಕರಪತ್ರ ಬೇಡ, ಊಟಕ್ಕೆ ಮೊದಲು ಎಲ್ಲರೂ ಕಣ್ಣು ಮುಚ್ಚಿ ಅನ್ನುವುದೂ ಬೇಡ. ಆರೋಪ ಬರುತ್ತದೆ ಅನ್ನುವುದಕ್ಕೆ ಮಾತ್ರ ಇದನ್ನು ಹೇಳುತ್ತಿಲ್ಲ. ಹೊರಗೆ ಮಳೆ ಸುರಿಯುತ್ತಿರುವಾಗ ಹೋಗಲು ಬೇರೆ ಜಾಗ ಇಲ್ಲದ ಮನುಷ್ಯ ನಿಮಗೆ 'ಬೇಡ' ಅನ್ನಲು ಆಗುವುದಿಲ್ಲ. ಬೇಡ ಅನ್ನಲಾಗದವನ ಮುಂದೆ ನಿಮ್ಮ ನಂಬಿಕೆಯನ್ನು ಇಡುವುದು ಅವನಿಗೂ ನ್ಯಾಯ ಅಲ್ಲ, ನಿಮ್ಮ ನಂಬಿಕೆಗೂ ಅಲ್ಲ. ಸ್ವಯಂಸೇವಕರು ತಮ್ಮ ಮನೆಯಲ್ಲಿ ಪ್ರಾರ್ಥಿಸಿ ಬರಲಿ. ಈ ನಿಯಮದಲ್ಲಿ ನಿಮ್ಮ ನಾಲ್ಕು ಸಭೆಗಳಲ್ಲಿ ಯಾವುದಾದರೂ ಒಂದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಶುರುವಿನಲ್ಲೇ ಕೈಬಿಡಲಿ. ಮೂರೇ ಸಭೆ ಸೇರಿ ಮಾಡಿದರೂ ನಡೆಯುತ್ತದೆ. ಅಕ್ಕಪಕ್ಕದ ಮಠದವರನ್ನು, ಮಸೀದಿಯವರನ್ನು, ವ್ಯಾಪಾರಿಗಳನ್ನು ಒಂದು ಸಂಜೆ ಕರೆದು ಹಾಲ್ ತೋರಿಸಿ, ಬೇಕಾದರೆ ವಾರದಲ್ಲಿ ಒಂದು ದಿನದ ಊಟ ವಹಿಸಿಕೊಳ್ಳಿ ಅನ್ನಿ. ಸಿದ್ಧಾರೂಢ ಮಠದ ದಾಸೋಹ ಕಂಡ ಊರು ಇದು. ಹಸಿದವರಿಗೆ ಅನ್ನ ಇಡುವುದು ಇಲ್ಲಿ ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ.

ಊಟ ಸಾದಾ ಇರಲಿ, ಸಸ್ಯಾಹಾರ ಇರಲಿ. ಅನ್ನ, ಸಾರು, ಒಂದು ಪಲ್ಯ. ವಾರಕ್ಕೆರಡು ಸಲ ರೊಟ್ಟಿ ಸಿಕ್ಕರೆ ಕಣ್ಣರಳಿಸುತ್ತಾರೆ. ಒಬ್ಬಿಬ್ಬರು ವಯಸ್ಸಾದವರು ಚರ್ಚಿನ ಅಡುಗೆ ಉಣ್ಣಲು ಹಿಂಜರಿಯಬಹುದು. ಅದಕ್ಕೆ ನೊಂದುಕೊಳ್ಳಬೇಡಿ, ವಾದಕ್ಕೂ ಹೋಗಬೇಡಿ. ಪಕ್ಕದ ಖಾನಾವಳಿಯಿಂದ ಎರಡು ರೊಟ್ಟಿ ತರಿಸಿ ಕೊಡಿ. ಎರಡು ವಾರ ಕಳೆದ ಮೇಲೆ ಹೆಚ್ಚಾಗಿ ಅವರೇ ತಟ್ಟೆ ಹಿಡಿದು ಬರುತ್ತಾರೆ.

ಕಳ್ಳತನದ ಮಾತು. ನಿಮ್ಮ ಹಿರಿಯರಿಗೆ ಚರ್ಚಿನ ಸಾಮಾನು ಹೋಗುತ್ತದೆ ಅಂತ ಹೆದರಿಕೆ. ಬೀದಿಯಲ್ಲಿ ಮಲಗುವವರಿಗೆ ಅದಕ್ಕಿಂತ ಜಾಸ್ತಿ ಹೆದರಿಕೆ ಇರುತ್ತದೆ, ತಮ್ಮ ಗಂಟು ಹೋಗುತ್ತದೆ ಅಂತ. ನಾನು ಕಂಡ ಒಂದು ಆಶ್ರಯ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಿದ್ದಳು. ಸಿಮೆಂಟ್ ಚೀಲ ಹೊಲಿದು ಮಾಡಿದ ಒಂದು ಕೈಚೀಲ. "ಯವ್ವಾ, ಕೊಡು, ಒಳಗ ಇಡ್ತೀವಿ" ಅಂದರೆ ಎದೆಗೆ ಅವಚಿಕೊಂಡು ಗೋಡೆಗೆ ಅಂಟಿ ಕೂತುಬಿಡುತ್ತಿದ್ದಳು. ಹಾಸಿಗೆ ಮೇಲೆ ಮಲಗಲೇ ಇಲ್ಲ, ನಾಲ್ಕು ರಾತ್ರಿ ಕೂತೇ ತೂಕಡಿಸಿದಳು. ಐದನೇ ರಾತ್ರಿ ಅಲ್ಲಿಯ ಹೆಣ್ಣುಮಗಳೊಬ್ಬಳು ಒಂದು ಟ್ರಂಕು ತಂದು, ಬೀಗ ಹಾಕಿ, ಕೀಲಿಯನ್ನು ದಾರಕ್ಕೆ ಪೋಣಿಸಿ ಅಜ್ಜಿಯ ಕೊರಳಿಗೇ ಹಾಕಿದಳು. ಅಜ್ಜಿ ಚೀಲ ಬಿಚ್ಚಿ ಒಂದೊಂದೇ ಒಳಗಿಟ್ಟಳು. ಒಂದು ಸೀರೆ, ಒಂದು ಸ್ಟೀಲ್ ಲೋಟ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ರೇಷನ್ ಕಾರ್ಡು, ಒಬ್ಬ ಹುಡುಗನ ಸ್ಕೂಲ್ ಫೋಟೋ. ಆ ರಾತ್ರಿ ಅವಳು ಕಾಲು ಚಾಚಿ ಮಲಗಿದಳು. ಆದ್ದರಿಂದ ಇಪ್ಪತ್ತು ಜನಕ್ಕೆ ಬೀಗ ಹಾಕುವ ಇಪ್ಪತ್ತು ಡಬ್ಬಿ ಮಾಡಿಸಿ, ಕೀಲಿ ಅವರ ಕೈಲೇ ಇರಲಿ. ಹಗಲೂ ಅದು ಅಲ್ಲೇ ಇರಲು ಬಿಡಿ. ಗಂಟು ಹೊರುವುದು ತಪ್ಪಿದರೆ ಕೆಲಸಕ್ಕೆ ಹೋಗುವುದು ಎಷ್ಟೋ ಸುಲಭ. ಚರ್ಚಿನ ಬೆಲೆಬಾಳುವ ವಸ್ತುಗಳನ್ನು ಬೇರೆ ಕೋಣೆಯಲ್ಲಿ ಇಟ್ಟರೆ ಆಯಿತು.

ಬಾಗಿಲಲ್ಲಿ ಆಧಾರ್ ಕೇಳಬೇಡಿ. ಹೆಸರು, ಊರು, ಯಾರಿಗಾದರೂ ತಿಳಿಸಬೇಕಿದ್ದರೆ ಯಾರಿಗೆ, ಇಷ್ಟು ಪುಸ್ತಕದಲ್ಲಿ ಬರೆದರೆ ಸಾಕು. ಕುಡಿದು ಬಂದವರ ವಿಷಯಕ್ಕೆ ಸಭೆಗಳಲ್ಲಿ ಬಹಳ ಚರ್ಚೆ ಆಗುತ್ತದೆ. ನನ್ನ ನಿಯಮ ಇಷ್ಟು: ಒಳಗೆ ಬಾಟಲಿ ಬರಬಾರದು, ಗಲಾಟೆ ಆಗಬಾರದು. ವಾಸನೆ ನೋಡಿ ಹೊರಗೆ ಕಳಿಸಬೇಡಿ, ನಡತೆ ನೋಡಿ ಹೇಳಿ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇರುವವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸಿ. ಟಿಬಿಗೆ ಪರೀಕ್ಷೆಯೂ ಔಷಧಿಯೂ ಉಚಿತ. ಮಳೆ ಅಂತ ಕಿಟಕಿಯನ್ನೆಲ್ಲ ಮುಚ್ಚಿಬಿಡಬೇಡಿ. ಒಬ್ಬೊಬ್ಬರಿಗೆ ಎರಡು ಚಾದರ ಇರಲಿ, ಒಂದು ಒಗೆಯಲು ಹೋದಾಗ ಇನ್ನೊಂದು. ದಪ್ಪ ಕೌದಿ ಬೆಚ್ಚಗೇನೋ ಇರುತ್ತದೆ, ಆದರೆ ಮಳೆಗಾಲದಲ್ಲಿ ಒಣಗುವುದಿಲ್ಲ, ಅದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಮಳೆಗಾಲಕ್ಕೆ ಶುರು ಮಾಡುವ ನಿಮ್ಮ ಯೋಚನೆ ಸರಿ. ಚಳಿಯನ್ನು ಒಂದು ಕೌದಿ ಹೊದ್ದು, ಬೆಂಕಿ ಕಾಯಿಸಿ ಹೇಗೋ ಕಳೆಯುತ್ತಾರೆ. ಮಳೆ ಬಂದರೆ ಮಲಗುವ ಜಾಗವೇ ಹೋಗುತ್ತದೆ. ಕಟ್ಟೆ ಒದ್ದೆ, ಚಾದರ ಒದ್ದೆ, ಮೈ ಒದ್ದೆ, ಮರುದಿನ ಜ್ವರ, ಕೂಲಿ ಇಲ್ಲ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಅಂತ ಇಟ್ಟುಕೊಂಡರೆ 122 ರಾತ್ರಿ. ಮುಚ್ಚುವ ತಾರೀಖನ್ನು ಮೊದಲ ದಿನವೇ ಬಾಗಿಲಿಗೆ ಬರೆದು ಹಾಕಿ, ಓದಲು ಬಾರದವರಿಗೆ ಬಾಯಲ್ಲಿ ಹೇಳಿ. ಇದ್ದಕ್ಕಿದ್ದಂತೆ ಬೀಗ ಬಿದ್ದರೆ ಅವರು ಇನ್ನು ಯಾರನ್ನೂ ನಂಬುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನರಗುಂದ, ರೋಣದ ಕಡೆ ಊರಿಗೆ ಊರೇ ಕಾಳಜಿ ಕೇಂದ್ರಗಳಿಗೆ ಬಂತು. ಅದು ಆಶ್ರಯವೇ. ಆದರೆ ಕೊಣ್ಣೂರಿನವರಿಗೆ ನೀರು ಇಳಿದ ಮೇಲೆ ಹೋಗಲು ಕೊಣ್ಣೂರು ಇತ್ತು, ಗೋಡೆ ಬಿದ್ದಿದ್ದರೂ ಊರು ಇತ್ತು. ನಿಮ್ಮ ಹಾಲ್‌ಗೆ ಬರುವವರಿಗೆ ಅಕ್ಟೋಬರ್ 1ಕ್ಕೆ ಹೋಗಲು ಏನಿದೆ? ಅದಕ್ಕೇ 122 ರಾತ್ರಿಗಳನ್ನು ಮಲಗಿಸಲು ಮಾತ್ರ ಬಳಸಬೇಡಿ. ವಾರಕ್ಕೊಂದು ಸಂಜೆ ಕಾಗದ ಪತ್ರದ ಕೆಲಸಕ್ಕೆ ಇಡಿ. ನಿಮ್ಮ ಸಭೆಯಲ್ಲಿ ನಿವೃತ್ತ ಗುಮಾಸ್ತರು, ಮೇಷ್ಟ್ರುಗಳು ಇರುತ್ತಾರಲ್ಲ, ಈ ಕೆಲಸ ಅವರದು. ಕಳೆದುಹೋದ ಆಧಾರ್ ಮತ್ತೆ ತೆಗೆಸುವುದು, ಬ್ಯಾಂಕ್ ಖಾತೆ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿ, ಕೂಲಿಯವರಿಗೆ ಇ-ಶ್ರಮ್ ಕಾರ್ಡು. ಮನೆ ಇಲ್ಲದವರಿಗೂ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ಅರ್ಜಿಯಲ್ಲಿ ಮಲಗುವ ಜಾಗ ಬರೆದರೆ ಚುನಾವಣಾ ಸಿಬ್ಬಂದಿ ರಾತ್ರಿ ಬಂದು ಆ ಮನುಷ್ಯ ಅಲ್ಲಿ ಮಲಗುತ್ತಾನಾ ಅಂತ ನೋಡಿ ಹೋಗುತ್ತಾರೆ. ಮೂರು ನಾಲ್ಕು ಜನ ಕೆಲಸಗಾರರು ಸೇರಿ ಒಂದು ಬಾಡಿಗೆ ಕೋಣೆ ಹಿಡಿಯಲು ಮುಂದೆ ಬಂದರೆ ಡಿಪಾಸಿಟ್‌ಗೆ ಸಭೆಯಿಂದ ಸಾಲ ಕೊಡಿ. ಇಪ್ಪತ್ತರಲ್ಲಿ ಐವರು ಹೀಗೆ ಕೋಣೆ ಸೇರಿದರೂ ನಿಮ್ಮ ಮೊದಲ ವರ್ಷ ದಂಡ ಅಲ್ಲ.

ಈಗ ನಿಮ್ಮ ಮುಂದಿನ ಮಾತುಕತೆಗೆ ಮೂರು ವಿಷಯ ತೆಗೆದುಕೊಂಡು ಹೋಗಿ: ರಾತ್ರಿ ಓಡಾಡಿ ಮಾಡಿದ ಎಣಿಕೆ, ಕಾವಲಿನವರ ನಾಲ್ಕು ತಿಂಗಳ ಸಂಬಳದ ಲೆಕ್ಕ, ಹಾಲ್‌ನಲ್ಲಿ ಪ್ರಾರ್ಥನೆ, ಕರಪತ್ರ ಬೇಡ ಅನ್ನುವ ನಿಯಮಕ್ಕೆ ನಾಲ್ವರು ಸಭಾಪಾಲಕರ ಒಪ್ಪಿಗೆ. ಆಮೇಲೆ ಹಾಲ್‌ನ ಅಳತೆ ನನಗೆ ಕಳಿಸಿ. ಮುಂಬಾಗಿಲ ಫೋಟೋ ಬೇಡ. ಶೌಚಾಲಯದ್ದು ಕಳಿಸಿ, ಹಾಲ್‌ನಿಂದ ಅಲ್ಲಿಗೆ ಹೋಗುವ ದಾರಿಯದ್ದು ಕಳಿಸಿ, ರಾತ್ರಿ ದೀಪ ಹಾಕಿ ತೆಗೆದದ್ದು.